ಲವಂಗದ ಡಬ್ಬ ಹುಡುಕುವ ನಾಯಿ ಯಜಮಾನರ ಮುಖ ನೋಡುವುದೇಕೆ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಸಮೀಪ ನಮ್ಮದು ಅಡಿಕೆ ತೋಟಕ್ಕೆ ತಾಗಿದ ಮನೆ. ಬೊಳ್ಳಿ ಎಂಬ ಮೂರು ವರ್ಷದ ಹೆಣ್ಣು ನಾಡುನಾಯಿ ಇದ್ದಾಳೆ. ವಾಸನೆ ಹುಡುಕುವ ಆಟವನ್ನು ವಿಡಿಯೋಗಳಲ್ಲಿ ನೋಡಿ ಅವಳಿಗೆ ಕಲಿಸುತ್ತಿದ್ದೇನೆ. ರಟ್ಟಿನ ಪೆಟ್ಟಿಗೆಗಳಲ್ಲಿ ತಿಂಡಿ ಅಡಗಿಸಿಟ್ಟಾಗ ಬಹಳ ಚುರುಕಾಗಿ ಹುಡುಕುತ್ತಿದ್ದಳು. ಈಗ ತಿಂಡಿಯ ಬದಲು ಲವಂಗ ತೈಲ ಹಚ್ಚಿದ ಹತ್ತಿಯನ್ನು ಅದೇ ಆರು ಪೆಟ್ಟಿಗೆಗಳಲ್ಲಿ ಅದಲು ಬದಲು ಮಾಡಿ ಇಡುತ್ತಿದ್ದೇನೆ. ಅವಳು ಮೂರು ನಾಲ್ಕು ಪೆಟ್ಟಿಗೆಗಳ ಮುಂದೆ ನಿಂತು ನನ್ನ ಮುಖ ನೋಡುತ್ತಾಳೆ, ಕೆಲವೊಮ್ಮೆ ಬೊಗಳುತ್ತಾಳೆ. ಅಂಗಳಕ್ಕೆ ಒಯ್ದರೆ ಡಬ್ಬದ ಪಕ್ಕದಲ್ಲೇ ಹಾದು ಹೋಗಿ ಬೇರೆಲ್ಲೋ ಹುಡುಕುತ್ತಾಳೆ. ನಾಡುನಾಯಿಗೆ ಇದೆಲ್ಲ ಆಗುವ ಕೆಲಸವಲ್ಲ, ಲ್ಯಾಬ್ರಡಾರ್ ತನ್ನಿ ಎಂದು ಪರಿಚಿತರು ಹೇಳುತ್ತಾರೆ. ಅಡುಗೆಮನೆಯಲ್ಲಿ ಸದಾ ಲವಂಗ ಇರುವುದು ಈ ಗೊಂದಲಕ್ಕೆ ಕಾರಣವೇ? ಮಳೆಗಾಲದಲ್ಲಿ ಅಭ್ಯಾಸವನ್ನು ನಿಲ್ಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ‘ಅದೇ ಆರು ಪೆಟ್ಟಿಗೆಗಳು’ ಎಂಬ ಮಾತು. ಲವಂಗ ತೈಲ ಹಚ್ಚಿದ ಹತ್ತಿಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ನಮ್ಮ ಪಾಲಿಗೆ ಆ ಪೆಟ್ಟಿಗೆ ಖಾಲಿಯಾಯಿತು. ನಾಯಿಯ ಪಾಲಿಗೆ ಆಗಲಿಲ್ಲ. ಲವಂಗದ ವಾಸನೆಗೆ ಮುಖ್ಯ ಕಾರಣವಾದ ಯೂಜಿನಾಲ್ ಎಂಬ ಅಂಶವು ಬಹಳ ನಿಧಾನವಾಗಿ ಆವಿಯಾಗುವಂಥದ್ದು. ರಟ್ಟು ಅದನ್ನು ಹೀರಿಕೊಂಡು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತದೆ. ಆರೂ ಪೆಟ್ಟಿಗೆಗಳಲ್ಲಿ ಸರದಿಯಂತೆ ಆ ಹತ್ತಿ ಕುಳಿತು ಎದ್ದಿರುವಾಗ ಬೊಳ್ಳಿ ಮೂರು ನಾಲ್ಕರ ಮುಂದೆ ನಿಲ್ಲುವುದು ಸಹಜ, ಏಕೆಂದರೆ ಅವಳ ಮೂಗಿನ ಪ್ರಕಾರ ಅಲ್ಲೆಲ್ಲ ಲವಂಗ ಇದೆ. ಆಗ ನೀವು ‘ಅಲ್ಲ’ ಎಂದು ಹಗ್ಗ ಎಳೆದು ಮುಂದೆ ಒಯ್ದರೆ ಸರಿಯಾದ ಉತ್ತರವನ್ನೇ ನಿರಾಕರಿಸಿದಂತಾಗುತ್ತದೆ. ಹೀಗೆ ಕೆಲವು ಬಾರಿ ಆದ ಮೇಲೆ ಯಾವ ನಾಯಿಯಾದರೂ ತನ್ನ ಮೂಗಿನ ಮೇಲಿನ ಭರವಸೆ ಕಳೆದುಕೊಂಡು, ತಿಂಡಿ ಕೊಡುವವರ ಮುಖದಲ್ಲಿ ಉತ್ತರ ಹುಡುಕತೊಡಗುತ್ತದೆ. ಆದ್ದರಿಂದ ಹಲವು ಪೆಟ್ಟಿಗೆಗಳ ಮುಂದೆ ನಿಲ್ಲುವುದು ಮತ್ತು ನಿಮ್ಮ ಮುಖ ನೋಡುವುದು ಎರಡೂ ಒಂದೇ ಬೇರಿನಿಂದ ಹುಟ್ಟಿದವು ಎಂದು ನನ್ನ ಅಭಿಪ್ರಾಯ. ಅಂಗಳದಲ್ಲಿ ದಾರಿ ತಪ್ಪುವುದು ಮಾತ್ರ ಬೇರೆ ವಿಷಯ. ಅದು ಗಾಳಿಗೆ ಸಂಬಂಧಿಸಿದ್ದು, ಅದನ್ನು ಮುಂದೆ ವಿವರಿಸುತ್ತೇನೆ.

ಈ ಆಟವನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದಲ್ಲಿ ಪತ್ತೆ ನಾಯಿಗಳ ತರಬೇತಿಯಲ್ಲಿ ಅನುಭವವಿದ್ದ ರಾನ್ ಗಾಂಟ್, ಏಮಿ ಹೆರೊ ಮತ್ತು ಜಿಲ್ ಮರೀ ಓಬ್ರಿಯನ್ ಎಂಬ ಮೂವರು. ಪೊಲೀಸ್ ಇಲಾಖೆಯ ನಾಯಿಗಳು ಸ್ಫೋಟಕವನ್ನೋ ಮಾದಕ ವಸ್ತುವನ್ನೋ ಹುಡುಕುವ ಕ್ರಮವನ್ನೇ ಸರಳಗೊಳಿಸಿ, ಮನೆಯಲ್ಲಿ ಸಾಕಿದ ಯಾವ ನಾಯಿಯೂ ಆಡಬಹುದಾದ ಆಟವಾಗಿ ಅವರು ರೂಪಿಸಿದರು. ಹುಡುಕಬೇಕಾದ ವಾಸನೆಗಳಾಗಿ ಬರ್ಚ್ ಮರದ ತೈಲ, ಸೋಂಪಿನ ವಾಸನೆಯ ಆ್ಯನಿಸ್ ತೈಲ ಮತ್ತು ಲವಂಗ ತೈಲ ಬಳಕೆಗೆ ಬಂದವು. 2017ರಲ್ಲಿ ಇದೇ ಬಗೆಯ ಸ್ಪರ್ಧೆಗಳನ್ನು ಆರಂಭಿಸಿದ ಅಮೆರಿಕನ್ ಕೆನಲ್ ಕ್ಲಬ್ ಇವುಗಳ ಜೊತೆಗೆ ಸೈಪ್ರೆಸ್ ತೈಲವನ್ನೂ ಸೇರಿಸಿಕೊಂಡಿತು. ಸ್ವೀಡನ್ನಿನಲ್ಲಿ ನೀಲಗಿರಿ, ಲಾರೆಲ್ ಎಲೆ ಮತ್ತು ಲ್ಯಾವೆಂಡರ್ ಬಳಸುತ್ತಾರೆ. ಪೆಟ್ಟಿಗೆಗಳ ಸಾಲು, ಕೋಣೆಯ ಒಳಭಾಗ, ಬಯಲು, ನಿಂತ ವಾಹನದ ಹೊರಮೈ ಎಂಬ ನಾಲ್ಕು ಬಗೆಯ ಹುಡುಕಾಟಗಳು ಇದರಲ್ಲಿ ಮುಖ್ಯ. ಅಮೆರಿಕದ ಪದ್ಧತಿಯಲ್ಲಿ ಸ್ಪರ್ಧೆಗೆ ಇಳಿಯುವ ಮೊದಲು ಒಂದು ಅರ್ಹತಾ ಪರೀಕ್ಷೆ ಇರುತ್ತದೆ: ಒಂದೇ ತೆರನಾದ 12 ಪೆಟ್ಟಿಗೆಗಳು, ಅವುಗಳಲ್ಲಿ ಒಂದರಲ್ಲಿ ಮಾತ್ರ ವಾಸನೆ, 3 ನಿಮಿಷಗಳ ಅವಧಿ. ಸ್ಪರ್ಧೆ ದೂರದ ಮಾತಾದರೂ ಈ ಪರೀಕ್ಷೆಯನ್ನು ನೀವು ಚಾವಡಿಯಲ್ಲೇ ಏರ್ಪಡಿಸಿಕೊಳ್ಳಬಹುದು, ಮತ್ತು ಬೊಳ್ಳಿಯ ಸದ್ಯದ ತೊಂದರೆಗೆ ಪರಿಹಾರವೂ ಅಲ್ಲಿಂದಲೇ ಶುರುವಾಗುತ್ತದೆ.

ಹಳೆಯ ಆರು ಪೆಟ್ಟಿಗೆಗಳನ್ನು ಬಚ್ಚಲ ಒಲೆಗೆ ಹಾಕಿಬಿಡಿ. ಚಪ್ಪಲಿ ಅಂಗಡಿಯಲ್ಲೋ ಜವಳಿ ಅಂಗಡಿಯಲ್ಲೋ ಕೇಳಿದರೆ ಒಂದೇ ಅಳತೆಯ ಹನ್ನೆರಡು ಪೆಟ್ಟಿಗೆಗಳು ಸಿಗುತ್ತವೆ. ಅವುಗಳಲ್ಲಿ ಒಂದರ ತಳಕ್ಕೆ ಗುರುತು ಹಾಕಿ, ಲವಂಗ ಎಂದೆಂದಿಗೂ ಅದರಲ್ಲಿ ಮಾತ್ರ ಇರಬೇಕು; ಉಳಿದ ಹನ್ನೊಂದಕ್ಕೆ ಒಮ್ಮೆಯೂ ಸೋಕಬಾರದು. ಸ್ಥಾನ ಬದಲಿಸಬೇಕಾದಾಗ ಹತ್ತಿಯನ್ನು ತೆಗೆದು ಇನ್ನೊಂದಕ್ಕೆ ಹಾಕುವ ಬದಲು ಪೆಟ್ಟಿಗೆಯನ್ನೇ ಎತ್ತಿ ಬೇರೆಡೆ ಇಡಬೇಕು. ಆದರೆ ಅದನ್ನು ಮುಟ್ಟಿದ ಕೈಯಿಂದಲೇ ಉಳಿದವನ್ನು ಮುಟ್ಟಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಮನೆಯಲ್ಲಿ ಇಬ್ಬರಿದ್ದರೆ ಲವಂಗದ ಪೆಟ್ಟಿಗೆ ಒಬ್ಬರ ಕೆಲಸ, ಖಾಲಿ ಪೆಟ್ಟಿಗೆಗಳು ಇನ್ನೊಬ್ಬರ ಕೆಲಸ ಎಂದು ಹಂಚಿಕೊಳ್ಳುವುದು ಒಳ್ಳೆಯದು. ಒಬ್ಬರೇ ಆದರೆ ಕೈಗವಸು ಹಾಕಿಕೊಳ್ಳಿ, ಖಾಲಿ ಪೆಟ್ಟಿಗೆಗಳನ್ನು ಮೊದಲು ಜೋಡಿಸಿ ಮುಗಿಸಿ ಲವಂಗದ್ದನ್ನು ಕೊನೆಗೆ ಇಡಿ.

ಹತ್ತಿಗೆ ನೇರವಾಗಿ ತೈಲ ಹಚ್ಚುವ ಕ್ರಮವನ್ನೂ ಬಿಡಬೇಕು. ಬಿಗಿ ಮುಚ್ಚಳದ ಗಾಜಿನ ಬಾಟಲಿಯ ತಳದಲ್ಲಿ ಸಣ್ಣ ಹತ್ತಿ ತುಂಡಿಗೆ ಎರಡು ಹನಿ ತೈಲ ಬಿಟ್ಟು, ಅದಕ್ಕೆ ತಾಗದಂತೆ ಮೇಲೆ ಕಿವಿ ಒರೆಸುವ ಹತ್ತಿ ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿ ಇರಿಸಿ ಮುಚ್ಚಿಟ್ಟರೆ, ಒಂದೆರಡು ದಿನಗಳಲ್ಲಿ ಕಡ್ಡಿಗಳು ಆವಿಯನ್ನಷ್ಟೇ ಹೀರಿಕೊಂಡು ಸಿದ್ಧವಾಗುತ್ತವೆ. ಒಂದು ಅಭ್ಯಾಸಕ್ಕೆ ಒಂದು ಅರ್ಧ ಕಡ್ಡಿ ಸಾಕು. ಅದನ್ನು ಚಿಮುಟದಿಂದ ಎತ್ತಿ, ಮುಚ್ಚಳಕ್ಕೆ ತೂತು ಹೊಡೆದ ಸಣ್ಣ ತಗಡಿನ ಡಬ್ಬದೊಳಗೆ ಹಾಕಿ, ಆ ಡಬ್ಬವನ್ನು ಪೆಟ್ಟಿಗೆಯಲ್ಲಿ ಇಡಿ. ತಗಡಿನ ಡಬ್ಬಕ್ಕೆ ಇನ್ನೂ ಒಂದು ಕಾರಣ ಉಂಟು: ಲವಂಗ ತೈಲವೂ ಬರ್ಚ್ ತೈಲವೂ ನಾಯಿಯ ಹೊಟ್ಟೆಗೆ ಹೋದರೆ ವಿಷ, ಬಾಯಿಯ ಒಳಪದರಕ್ಕೆ ಉರಿ. ಉತ್ಸಾಹದಲ್ಲಿ ಕಡ್ಡಿಯನ್ನೇ ನುಂಗುವ ನಾಯಿಗಳಿವೆ. ಬಾಟಲಿಯನ್ನು ತಿಂಡಿಯ ಚೀಲದಿಂದ ದೂರ, ಬೇರೆ ಕೋಣೆಯಲ್ಲೇ ಇಟ್ಟುಕೊಳ್ಳಿ. ತಿಂಡಿಗೆ ಲವಂಗದ ವಾಸನೆ ಹತ್ತಿತೆಂದರೆ ನಿಮ್ಮ ಜೇಬೇ ಒಂದು ಪೆಟ್ಟಿಗೆಯಾಗಿಬಿಡುತ್ತದೆ.

ಹೊಸ ಪೆಟ್ಟಿಗೆಗಳೊಂದಿಗೆ ಸುಮಾರು ಒಂದು ವಾರ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಲವಂಗದ ಡಬ್ಬದ ಮುಚ್ಚಳದ ಮೇಲೆಯೇ ತಿಂಡಿಯ ಚೂರು ಇಟ್ಟು, ಎರಡೂ ಒಟ್ಟಿಗೆ ಸಿಗುವಂತೆ ಮಾಡಿ. ಆಮೇಲೆ ತಿಂಡಿಯನ್ನು ತೆಗೆದು ವಾಸನೆಯನ್ನಷ್ಟೇ ಉಳಿಸಿ. ಇಲ್ಲಿಂದ ಮುಂದೆ ಎಲ್ಲವೂ ಅವಲಂಬಿಸಿರುವುದು ಬಹುಮಾನ ಸಿಗುವ ಜಾಗದ ಮೇಲೆ. ಬೊಳ್ಳಿಯ ಮೂಗು ಸರಿಯಾದ ಪೆಟ್ಟಿಗೆಯ ಬಾಯಿಗೆ ತಲುಪಿದ ಕ್ಷಣದಲ್ಲೇ ನಿಮ್ಮ ಕೈ ಅಲ್ಲಿಗೆ ಹೋಗಿ, ಮೂಗಿನ ತುದಿಯಲ್ಲೇ ತಿಂಡಿ ಸಿಗಬೇಕು; ಒಂದಲ್ಲ, ಒಂದರ ಹಿಂದೆ ಒಂದಾಗಿ ಮೂರು ನಾಲ್ಕು ಚೂರು. ಈಗ ನಿಮ್ಮಲ್ಲಿ ಆಗುತ್ತಿರುವುದು ಹೀಗಿರಬಹುದು: ಅವಳು ವಾಸನೆ ಹಿಡಿಯುತ್ತಾಳೆ, ತಲೆ ಎತ್ತಿ ನಿಮ್ಮನ್ನು ನೋಡುತ್ತಾಳೆ, ಆಗ ನೀವು ತಿಂಡಿ ಕೊಡುತ್ತೀರಿ. ಅವಳ ಲೆಕ್ಕದಲ್ಲಿ ತಿಂಡಿ ಬಂದದ್ದು ತಲೆ ಎತ್ತಿದ್ದಕ್ಕೆ. ಬೊಗಳುವುದರ ಕಥೆಯೂ ಇದೇ. ಕಾದು ಬೇಸತ್ತು ಒಮ್ಮೆ ಬೊಗಳಿದಾಗ ಕಾಕತಾಳೀಯವಾಗಿ ತಿಂಡಿ ಸಿಕ್ಕಿರುತ್ತದೆ.

ನೀವು ಉತ್ತರವನ್ನು ಬಲ್ಲವರಾಗಿ ಅವಳ ಜೊತೆ ನಡೆಯುವುದು ಇನ್ನೊಂದು ತೊಡಕು. ನಾವು ಎಷ್ಟೇ ಎಚ್ಚರದಿಂದಿದ್ದರೂ ಲವಂಗದ ಪೆಟ್ಟಿಗೆಯ ಹತ್ತಿರ ಬಂದಾಗ ಹೆಜ್ಜೆ ತುಸು ನಿಧಾನವಾಗುತ್ತದೆ, ಉಸಿರು ಬಿಗಿಯಾಗುತ್ತದೆ, ಕೈ ಜೇಬಿನತ್ತ ಸರಿಯುತ್ತದೆ. ನಾಯಿಗಳು ಮನುಷ್ಯರ ಮೈಯನ್ನು ಓದುವುದರಲ್ಲಿ ಬಹಳ ಜಾಣ; ಮೂಸಿ ಹುಡುಕುವುದಕ್ಕಿಂತ ಓದಿ ತಿಳಿಯುವುದು ಸುಲಭವೆಂದಾದರೆ ಅವು ಸುಲಭದ್ದನ್ನೇ ಆರಿಸಿಕೊಳ್ಳುತ್ತವೆ. ತರಬೇತಾದ ವೃತ್ತಿಪರ ನಾಯಿಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಸಂಶೋಧಕಿ ಲೀಸಾ ಲಿಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಾದಕ ವಸ್ತು ಹಾಗೂ ಸ್ಫೋಟಕ ಪತ್ತೆಯ 18 ಜೋಡಿಗಳನ್ನು, ಅಂದರೆ ನಾಯಿ ಮತ್ತು ಅದನ್ನು ನಡೆಸುವವರನ್ನು, ಯಾವ ಗುರಿವಾಸನೆಯನ್ನೂ ಅಡಗಿಸಿರದ ಕೋಣೆಗಳಿಗೆ ಕಳುಹಿಸಿದರು. ಗುರಿವಾಸನೆ ಇದೆಯೆಂದೂ, ಕೆಲವು ಕಡೆ ಕೆಂಪು ಕಾಗದದ ಗುರುತಿರುವ ಜಾಗದಲ್ಲಿ ಅದು ಇರುತ್ತದೆಂದೂ ನಡೆಸುವವರಿಗೆ ಹೇಳಲಾಗಿತ್ತು. ಇಲ್ಲದ ವಾಸನೆ ಸಿಕ್ಕಿತೆಂದು 200ಕ್ಕೂ ಹೆಚ್ಚು ಸಲ ವರದಿಯಾಯಿತು, ಮತ್ತು ಕೆಂಪು ಕಾಗದವಿದ್ದ ಜಾಗಗಳು ಅವುಗಳಲ್ಲಿ ಎದ್ದು ಕಂಡವು. ಅಲ್ಲಿದ್ದವರು ಹೊಸಬರಲ್ಲ, ವೃತ್ತಿಯಲ್ಲಿ ಇರುವವರು. ಹೀಗಿರುವಾಗ ಮನೆಯಂಗಳದಲ್ಲಿ ನಮ್ಮ ನಾಯಿ ನಮ್ಮ ಮುಖ ನೋಡಿದರೆ ಅದನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ಪರಿಹಾರ ಸರಳ, ಆದರೆ ಇನ್ನೊಬ್ಬರ ಸಹಾಯ ಬೇಕು. ಮನೆಯ ಮಕ್ಕಳಲ್ಲಿ ಒಬ್ಬರು ಪೆಟ್ಟಿಗೆಗಳನ್ನು ಜೋಡಿಸಿ, ಲವಂಗ ಇರುವ ಪೆಟ್ಟಿಗೆಯ ಸ್ಥಾನವನ್ನು ಚೀಟಿಯಲ್ಲಿ ಬರೆದಿಟ್ಟು, ನಿಮ್ಮ ಬೆನ್ನ ಹಿಂದೆ, ಬೊಳ್ಳಿಗೂ ಮುಖ ಕಾಣದಂತೆ ನಿಲ್ಲಲಿ. ನೀವು ಉತ್ತರ ತಿಳಿಯದೆ ಸಾಲಿನ ಉದ್ದಕ್ಕೂ ಒಂದೇ ವೇಗದಲ್ಲಿ ನಡೆಯಿರಿ. ಅವಳು ನಿಂತರೂ ನೀವು ಎರಡು ಹೆಜ್ಜೆ ಮುಂದಕ್ಕೆ ಹೋಗಿ ನೋಡಿ. ನಿಮ್ಮನ್ನು ಬಿಟ್ಟು ಪೆಟ್ಟಿಗೆಯ ಬಳಿಯೇ ಉಳಿದರೆ ಅವಳಿಗೆ ಖಚಿತವಾಗಿದೆ ಎಂದರ್ಥ. ಆಗ ‘ಇಲ್ಲಿದೆ’ ಎಂದು ಹೇಳಿ, ಹಿಂದಿನವರು ಹೌದು ಎಂದೊಡನೆ ತಿಂಡಿ ಕೊಡಿ. ಅವಳು ಹುಡುಕುತ್ತಿರುವಾಗ ‘ಎಲ್ಲುಂಟು? ಇಲ್ಲುಂಟಾ?’ ಎಂದು ಮಾತಾಡುತ್ತಲೇ ಇರುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಆರಂಭದಲ್ಲಿ ಒಮ್ಮೆ ‘ಹುಡುಕು’ ಎಂದರೆ ಮುಗಿಯಿತು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ಆಡುವವರಿದ್ದರೆ ಎಲ್ಲರೂ ಬಳಸುವ ಒಂದೇ ಮಾತನ್ನು ನಿಗದಿ ಮಾಡಿಕೊಳ್ಳಿ.

ಇದರ ಜೊತೆಗೆ ನೀವು ಕಲಿಯಬೇಕಾದುದು ನಾಯಿಯ ಮೈಯಲ್ಲಾಗುವ ಬದಲಾವಣೆಯನ್ನು. ಮುಳ್ಳೇರಿಯದ ಕಡೆಯ ಮನೆಯೊಂದರಲ್ಲಿ ಹಟ್ಟಿಯ ಪಕ್ಕದ ಕಟ್ಟಿಗೆ ರಾಶಿಯಲ್ಲಿ ಡಬ್ಬ ಅಡಗಿಸಿ ಅಭ್ಯಾಸ ಮಾಡಿಸುತ್ತಿದ್ದಾಗ ಅಲ್ಲಿನ ಕಂದು ನಾಯಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅದು ಬಾಯಿ ತೆರೆದು, ಬಾಲ ಸಡಿಲ ಬಿಟ್ಟು, ರಾಶಿಯ ಉದ್ದಕ್ಕೂ ಓಡುನಡಿಗೆಯಲ್ಲಿ ಹೋಗುತ್ತಿತ್ತು. ಅಡಗಿಸಿದ ಜಾಗವನ್ನು ದಾಟಿ ಎರಡು ಮೊಳ ಮುಂದೆ ಹೋದದ್ದೇ ತಡ, ಮೈ ಮುಂದಕ್ಕೆ ಹೋಗುತ್ತಿದ್ದಂತೆಯೇ ತಲೆ ಮಾತ್ರ ಹಿಂದಕ್ಕೆ ತಿರುಗಿತು. ಬಾಯಿ ಮುಚ್ಚಿತು. ಮೂಗಿನ ಹೊಳ್ಳೆಗಳ ಪಕ್ಕದ ಸೀಳುಗಳು ಅದುರತೊಡಗಿ, ಸಣ್ಣ ಸಣ್ಣ ಉಸಿರಿನ ಸರಸರ ಸದ್ದು ಕೇಳಿಸಿತು. ಬಾಲ ಬುಡದಲ್ಲಿ ಬಿಗಿಯಾಗಿ ತುದಿಯಲ್ಲಿ ಮಾತ್ರ ಆಡುತ್ತಿತ್ತು. ಒಂದು ಕೊರಡಿನಿಂದ ಇನ್ನೊಂದಕ್ಕೆ ಮೂಗು ಹಾರಿಸುತ್ತ, ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಒಂದು ಸಂದಿಯಲ್ಲಿ ಮೂಗು ತೂರಿಸಿ ನಿಂತಿತು. ಈ ಸರಣಿಯಲ್ಲಿ ತಲೆ ತಿರುಗಿದ್ದೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ನೋಡುವವರಲ್ಲಿ ಹೆಚ್ಚಿನವರು ಕೊನೆಯಲ್ಲಿ ನಿಂತದ್ದನ್ನು ಮಾತ್ರ ನೋಡುತ್ತಾರೆ. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಬಾರಿ ಉಸಿರೆಳೆಯುತ್ತದೆ, ಮತ್ತು ಹೊರಬಿಡುವ ಉಸಿರು ಹೊಳ್ಳೆಗಳ ಬದಿಯ ಸೀಳುಗಳಿಂದ ಹಿಂದಕ್ಕೆ ಹೋಗುವುದರಿಂದ ಮುಂದಿನ ವಾಸನೆ ಕೆದಡುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿರುವಾಗ ಈ ಕೆಲಸ ನಡೆಯುವುದಿಲ್ಲ. ಮೊಬೈಲಿನಲ್ಲಿ ಬೊಳ್ಳಿಯ ಹುಡುಕಾಟವನ್ನು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಅವಳ ತಲೆ ತಿರುಗುವ ಬಗೆ ನಿಮಗೆ ನಾಲ್ಕೈದು ದಿನಗಳಲ್ಲಿ ಪರಿಚಯವಾಗುತ್ತದೆ.

ಇನ್ನು ಅಂಗಳದ ವಿಷಯ. ಡಬ್ಬದ ಪಕ್ಕದಲ್ಲೇ ಹಾದು ಹೋದಳು ಎಂದು ನೀವು ಬರೆದಿದ್ದೀರಿ. ಪಕ್ಕ ಎನ್ನುವುದು ಕಣ್ಣಿನ ಲೆಕ್ಕ. ವಾಸನೆ ಡಬ್ಬದ ಸುತ್ತ ಸಮನಾಗಿ ಹರಡಿಕೊಂಡು ನಿಲ್ಲುವುದಿಲ್ಲ. ಗಾಳಿ ಒಯ್ದ ಕಡೆಗೆ ಹೋಗುತ್ತ ಅಗಲವಾಗುತ್ತದೆ, ತಡೆ ಸಿಕ್ಕಲ್ಲಿ ಜಮೆಯಾಗುತ್ತದೆ, ಬಿಸಿಲಿಗೆ ಮೇಲೇಳುತ್ತದೆ, ತಂಪಿಗೆ ತಗ್ಗಿಗೆ ಇಳಿಯುತ್ತದೆ. ಗಾಳಿ ಬೀಸುವ ಕಡೆಯಿಂದ ಹಾದು ಹೋಗುವ ನಾಯಿಗೆ ಒಂದು ಅಡಿ ದೂರದಲ್ಲೂ ಏನೂ ಸಿಗದಿರಬಹುದು, ಎದುರು ಬದಿಯಲ್ಲಿ ಇಪ್ಪತ್ತು ಅಡಿ ದೂರದಲ್ಲೇ ಸಿಗಬಹುದು. ಬೊಳ್ಳಿ ‘ಬೇರೆಲ್ಲೋ’ ಹುಡುಕುತ್ತಿದ್ದ ಜಾಗ ಯಾವುದೆಂದು ನೆನಪಿಸಿಕೊಳ್ಳಿ. ಅದು ಜಗಲಿಯ ಮೂಲೆಯೋ, ಬರೆಯ (ಕಡಿದ ಮಣ್ಣಿನ ದಿಬ್ಬದ) ಬುಡವೋ, ತೋಟಕ್ಕಿಳಿಯುವ ಮೆಟ್ಟಿಲ ಸಂದಿಯೋ ಆಗಿದ್ದರೆ, ವಾಸನೆ ಹೋಗಿ ಕೂಡಿಕೊಂಡ ಜಾಗಕ್ಕೇ ಅವಳು ಹೋಗಿದ್ದಾಳೆ ಎಂಬುದು ಬಹುಮಟ್ಟಿಗೆ ನಿಜ.

ಕಾಸರಗೋಡಿನ ಮನೆಗಳ ನೆಲೆಯೇ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಮೇಲೆ ಬೋಳು ಗುಡ್ಡೆ, ನಡುವೆ ಮನೆ ಮತ್ತು ಅಂಗಳ, ಕೆಳಗೆ ತೋಟ. ರಾತ್ರಿ ತಣಿದ ಗಾಳಿ ಭಾರವಾಗಿ ಗುಡ್ಡೆಯಿಂದ ತೋಟಕ್ಕೆ ಜಾರುತ್ತದೆ. ಬೆಳಗ್ಗೆ ಏಳು ಗಂಟೆಗೆ ಅಂಗಳದಲ್ಲಿಟ್ಟ ಡಬ್ಬದ ವಾಸನೆ ಕೆಳಗಿನ ಮೆಟ್ಟಿಲುಗಳಲ್ಲಿ ಸಿಗುವುದು ಇದರಿಂದಲೇ. ಬಿಸಿಲೇರಿದಂತೆ ಮುರಕಲ್ಲಿನ ಗುಡ್ಡೆ ಕಾದು ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೊರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಡುವಣದ ಕಡಲ ಗಾಳಿಯೂ ಬಂದು ಸೇರುತ್ತದೆ. ಅಡಿಕೆ ಒಣಹಾಕುವ ಸಿಮೆಂಟಿನ ಅಂಗಳ ಹನ್ನೊಂದು ಗಂಟೆಗೆ ಕಾದಿರುವಾಗ ವಾಸನೆ ನೆಲದಿಂದ ನೇರ ಮೇಲಕ್ಕೆದ್ದು ನಾಯಿಯ ತಲೆಯ ಮೇಲಿಂದ ಹೋಗಿಬಿಡುತ್ತದೆ. ಅಲ್ಲಿ ಅಡಗಿಸಿ ಹುಡುಕಿಸುವುದು ಕಲಿಯುವ ನಾಯಿಗೆ ಅನ್ಯಾಯ, ಅಂಗಾಲು ಸುಡುವುದು ಬೇರೆ. ತೋಟದ ಒಳಗೆ ಮೇಲಿನ ಸೋಗೆಗಳು ಚಪ್ಪರದಂತೆ ಮುಚ್ಚಿರುವುದರಿಂದ ಗಾಳಿ ಬಹಳ ಹೊತ್ತು ನಿಶ್ಚಲವಾಗಿರುತ್ತದೆ. ವಾಸನೆ ಎಳೆಎಳೆಯಾಗಿ ಹರಿಯುವ ಬದಲು ಮಡುವಿನಂತೆ ನಿಲ್ಲುತ್ತದೆ, ನೀರಿನ ಕಣಿ ಇದ್ದರೆ ಅದರ ಉದ್ದಕ್ಕೆ ತಂಪಿನೊಡನೆ ಸಾಗುತ್ತದೆ. ಮುರಕಲ್ಲಿನ ಗೋಡೆಯ ತೂತುಗಳು ವಾಸನೆಯನ್ನು ಹಿಡಿದಿಡುತ್ತವೆ. ಸೊಂಟದೆತ್ತರದಲ್ಲಿ ಇಟ್ಟ ಡಬ್ಬದ ವಾಸನೆ ಗೋಡೆಗಂಟಿ ಇಳಿದು ಬುಡದಲ್ಲಿ ಸೇರುವುದರಿಂದ ನಾಯಿ ಮೊದಲು ಬುಡವನ್ನೇ ತೋರಿಸುತ್ತದೆ. ಆಗ ತಪ್ಪೆಂದು ಎಳೆಯದೆ ಅರ್ಧ ನಿಮಿಷ ಕಾದರೆ ಅದು ತಾನಾಗಿ ಮೂಗು ಮೇಲೆತ್ತಿ ಹತ್ತುತ್ತದೆ.

ಆದುದರಿಂದ ಅಂಗಳದ ಅಭ್ಯಾಸವನ್ನು ಬೆಳಗ್ಗಿನ ನೆರಳಿನಲ್ಲಿ, ಜಗಲಿಗೆ ಹೊಂದಿಕೊಂಡ ಹತ್ತು ಹೆಜ್ಜೆಯ ಜಾಗದಿಂದ ಆರಂಭಿಸಿ. ಡಬ್ಬವಿಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ, ವಾಸನೆ ಹರಡಿಕೊಳ್ಳಲಿ. ಬಿದಿರಿನ ಕಡ್ಡಿಯ ತುದಿಗೆ ಬೂರುಗದ ಹತ್ತಿಯ ಒಂದೆಳೆ ಕಟ್ಟಿ ನಾಯಿಯ ಮೂಗಿನ ಎತ್ತರದಲ್ಲಿ ಹಿಡಿದರೆ ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ. ನಾವು ನಿಂತ ಎತ್ತರದ ಗಾಳಿಗೂ ಅಲ್ಲಿನ ಗಾಳಿಗೂ ಸಂಬಂಧವೇ ಇಲ್ಲದಿರುವುದುಂಟು. ಬೊಳ್ಳಿಯನ್ನು ಗಾಳಿಗೆ ಮುಖ ಮಾಡಿ ಬರುವಂತೆ ಒಳಗೆ ಬಿಡಿ. ಹಗ್ಗ ಮೂರು ಮೀಟರ್ ಉದ್ದವಿರಲಿ, ಕೊರಳ ಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಮೇಲು, ಮತ್ತು ನೀವು ಸಾಧ್ಯವಾದಷ್ಟು ಹಿಂದೆ ಉಳಿಯಿರಿ. ಗೋಡೆಯ ತೂತಿನೊಳಗೂ ತರಗೆಲೆಯ ರಾಶಿಯೊಳಗೂ ಡಬ್ಬ ಇಡಬೇಡಿ. ವಿಷದ ಕನ್ನಡಿಹಾವಿನ ಜಾಗಗಳು ಅವು. ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ಬಾಯಿಯ ಬಳಿ ಗಾಳಿ ತಂಪಾಗಿ ವಿಚಿತ್ರವಾಗಿ ಸುಳಿಯುವುದರಿಂದ ಕುತೂಹಲ ಹುಟ್ಟಬಹುದು, ಆದರೆ ನಾಯಿಯನ್ನು ಅದರೊಳಗೆ ನುಗ್ಗಲು ಬಿಡುವುದು ಬೇಡ. ಅಡಿಕೆ ಉಗ್ರಾಣದಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಆ ಕೋಣೆಯೂ ಬೇಡ.

ಮಳೆಗಾಲದಲ್ಲಿ ನಿಲ್ಲಿಸಬೇಕಾಗಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ನಿಲ್ಲಿಸಿದರೆ ಉಳಿಯುವುದೇನು? ಧಾರಾಕಾರ ಮಳೆ ವಾಸನೆಯನ್ನು ಕೆಡವಿ ತೊಳೆದುಹಾಕುವುದು ನಿಜ, ಆದರೆ ಮಳೆ ಬಿಟ್ಟ ಮೇಲಿನ ತೇವದ ತಂಪು ಹೊತ್ತು ಹುಡುಕಾಟಕ್ಕೆ ಎಲ್ಲಕ್ಕಿಂತ ಉತ್ತಮ. ಉಳಿದ ದಿನ ಚಾವಡಿ, ಅಟ್ಟ, ಶೆಡ್ಡಿನಲ್ಲಿ ನಿಂತ ಜೀಪು ಇವೆಯಲ್ಲ. ವಾಹನದಲ್ಲಿ ಹೊರಮೈಯನ್ನಷ್ಟೇ ಹುಡುಕಿಸಬೇಕು, ಎಂಜಿನ್ ಪೂರ್ತಿ ತಣಿದಿರಬೇಕು. ತೋಟಕ್ಕೆ ಇಳಿಯುವುದಾದರೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟ ಭಾಗವನ್ನು ಕೆಲವು ದಿನ ತಪ್ಪಿಸಿ. ಆ ಮದ್ದಿನಲ್ಲಿರುವ ಮೈಲುತುತ್ತು ಹನಿದ ಹುಲ್ಲನ್ನು ಮೂಸುವ ನಾಯಿ ನೆಕ್ಕುವುದೂ ಖಂಡಿತ. ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದುಗಳಲ್ಲಿ ಉಣ್ಣಿಯನ್ನೂ, ಹೊಳ್ಳೆಯಲ್ಲಿ ಇಂಬಳವನ್ನೂ ನೋಡಿ. ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ ಅಥವಾ ಬಿಡದೆ ಸೀನುತ್ತಿದ್ದರೆ ನೀವಾಗಿ ಕೀಳಲು ಹೋಗದೆ ಪಶುವೈದ್ಯರಿಗೆ ತೋರಿಸಿ.

ನನ್ನ ಮಟ್ಟಿಗೆ ಮಳೆಗಿಂತ ಕಷ್ಟದ ಕಾಲ ಮಾರ್ಚ್‌ನಿಂದ ಮೇ. ಇಸ್ರೇಲಿನ ಗಾಜಿಟ್ ಮತ್ತು ಟರ್ಕೆಲ್ ಎಂಬ ಸಂಶೋಧಕರು ಸ್ಫೋಟಕ ಪತ್ತೆಯ ನಾಯಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಣಿದು ಏದುಸಿರು ಬಿಡುವ ನಾಯಿಯ ಪತ್ತೆ ಸಾಮರ್ಥ್ಯ ಸ್ಪಷ್ಟವಾಗಿ ಕುಸಿಯುತ್ತದೆಂದು ಕಂಡುಬಂತು. ಸೆಕೆಯಲ್ಲಿ ಒಂದು ಹುಡುಕಾಟ ಎರಡು ನಿಮಿಷ ಮೀರಬಾರದು, ನಡುವೆ ನೀರು ಮತ್ತು ನೆರಳು, ದಿನಕ್ಕೆ ಮೂರು ನಾಲ್ಕು ಸರದಿ ಸಾಕೇ ಸಾಕು.

ಅಡುಗೆಮನೆಯ ಲವಂಗದ ಬಗ್ಗೆ ನಿಮ್ಮ ಸಂಶಯ ಸಕಾರಣವಾದದ್ದು, ಆದರೆ ಅದು ಈ ಗೊಂದಲದ ಮೂಲವಲ್ಲ. ಬೇರೆ ವಾಸನೆ ಆರಿಸಿದರೂ ಪೂರ್ತಿ ಪಾರಾಗುವಂತಿಲ್ಲ: ಬರ್ಚ್ ತೈಲದ ಮುಖ್ಯ ಅಂಶವಾದ ಮೀಥೈಲ್ ಸ್ಯಾಲಿಸಿಲೇಟ್ ಮನೆಯ ಹಿರಿಯರ ಮೊಣಕಾಲಿಗೆ ಹಚ್ಚುವ ನೋವಿನ ಮುಲಾಮಿನಲ್ಲಿದೆ, ಆ್ಯನಿಸ್‌ನ ವಾಸನೆ ಸೋಂಪಿನಲ್ಲಿದೆ, ನೀಲಗಿರಿ ತೈಲ ಶೀತವಾದಾಗ ಎಲ್ಲರ ಮನೆಯಲ್ಲೂ ಬಳಕೆಯಲ್ಲಿದೆ. ಸಾಂಬಾರದ ಡಬ್ಬಿಯ ಮುಂದೆ ನಿಂತಾಗ ತಿಂಡಿ ಸಿಗುವುದಿಲ್ಲ, ‘ಹುಡುಕು’ ಎಂದು ಹಾರ್ನೆಸ್ ಕಟ್ಟಿ ಬಿಟ್ಟ ಜಾಗದಲ್ಲಿ ಸಿಗುತ್ತದೆ ಎಂಬುದನ್ನು ನಾಯಿಗಳು ಬೇಗ ತಿಳಿದುಕೊಳ್ಳುತ್ತವೆ. ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಸದಿರುವುದು, ಬಿರಿಯಾನಿಯೋ ಪಲಾವೋ ಮಾಡುವ ದಿನ ಚಾವಡಿಯಲ್ಲೂ ಮಾಡಿಸದಿರುವುದು, ಇಷ್ಟು ಎಚ್ಚರ ಸಾಕು. ಎಲೆಯಡಿಕೆಗೆ ಲವಂಗ ಸೇರಿಸುವವರು ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಬರದಿದ್ದರೆ ಇನ್ನೂ ಒಳ್ಳೆಯದು.

ತಳಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಅಮೆರಿಕದಲ್ಲಿ ನಥಾನಿಯಲ್ ಹಾಲ್ ಮತ್ತು ಸಂಗಡಿಗರು ಪಗ್, ಜರ್ಮನ್ ಶೆಫರ್ಡ್ ಮತ್ತು ಗ್ರೇಹೌಂಡ್ ನಾಯಿಗಳಿಗೆ ವಾಸನೆ ಗುರುತಿಸುವ ಒಂದೇ ಪರೀಕ್ಷೆ ಕೊಟ್ಟು 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಚಪ್ಪಟೆ ಮೂತಿಯ ಪಗ್‌ಗಳು ಶೆಫರ್ಡ್‌ಗಳಿಗಿಂತ ಮುಂದಿದ್ದವು. ಗ್ರೇಹೌಂಡ್‌ಗಳಲ್ಲಿ ಹೆಚ್ಚಿನವು ಪರೀಕ್ಷೆಯಲ್ಲೇ ಆಸಕ್ತಿ ತೋರಿಸಲಿಲ್ಲ. ಸೈನ್ಯಕ್ಕೆ ನಾಯಿ ಆರಿಸುವಾಗ ತಳಿ ಮುಖ್ಯ, ಏಕೆಂದರೆ ಅಲ್ಲಿ ನೂರಾರು ನಾಯಿಗಳು ಒಂದೇ ಹದದಲ್ಲಿ ಬೇಕು. ಮನೆಯ ಆಟಕ್ಕೆ ಬೇಕಾದುದು ತಿಂಡಿಯ ಆಸೆ ಮತ್ತು ಬಿಡದೆ ಹುಡುಕುವ ಹಟ. ಬೊಳ್ಳಿಗೆ ಅವೆರಡೂ ಇವೆಯೆಂದು ನಿಮ್ಮ ಪತ್ರವೇ ಹೇಳುತ್ತದೆ. ನಾಡುನಾಯಿಗಳಿಗೆ ನಮ್ಮ ಸೆಕೆ ಲ್ಯಾಬ್ರಡಾರ್‌ಗಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದನ್ನು ಪರಿಚಿತರಿಗೆ ನೀವೂ ಹೇಳಬಹುದು.

ಬೊಗಳುವುದನ್ನು ಬಿಡಿಸಲು ಗದರಿಸಬೇಡಿ. ಸ್ಪರ್ಧೆಯಲ್ಲೂ ನಾಯಿ ಇಂಥದ್ದೇ ಸನ್ನೆ ಮಾಡಬೇಕೆಂಬ ನಿಯಮವಿಲ್ಲ. ಕೂರಬಹುದು, ನಿಲ್ಲಬಹುದು, ಮೂಗಿಟ್ಟು ಸ್ತಬ್ಧವಾಗಬಹುದು, ‘ಸಿಕ್ಕಿತು’ ಎಂದು ತೀರ್ಪುಗಾರರಿಗೆ ಹೇಳಬೇಕಾದವರು ನಡೆಸುವವರು. ಬೊಗಳುವ ಮೊದಲೇ, ಮೂಗು ಪೆಟ್ಟಿಗೆಯ ಬಾಯಲ್ಲಿರುವಾಗಲೇ, ತಿಂಡಿ ಬರತೊಡಗಿದರೆ ಬೊಗಳಲು ಕಾರಣ ಉಳಿಯುವುದಿಲ್ಲ. ಆಮೇಲೆ ಒಂದು ಸೆಕೆಂಡು, ಎರಡು ಸೆಕೆಂಡು ಎಂದು ಕಾಯಿಸುವುದನ್ನು ಹೆಚ್ಚಿಸುತ್ತ ಹೋಗಿ. ಹನ್ನೆರಡು ಪೆಟ್ಟಿಗೆಗಳ ಸಾಲಿನಲ್ಲಿ, ನಿಮಗೆ ಉತ್ತರ ತಿಳಿಯದಂತೆ ಇಟ್ಟಾಗ, ಬೇರೆ ಬೇರೆ ದಿನಗಳಲ್ಲಿ ಅವಳು ತಪ್ಪದೆ ಒಂದನ್ನೇ ತೋರಿಸಿದ ಬಳಿಕ ಅಂಗಳಕ್ಕೆ ಇಳಿಯಿರಿ. ಅದಕ್ಕೂ ಮೊದಲು ಒಂದು ದಿನ ಹನ್ನೊಂದು ಖಾಲಿ ಪೆಟ್ಟಿಗೆಗಳನ್ನು ಮಾತ್ರ ಸಾಲಾಗಿ ಇಟ್ಟು ನಡೆಸಿ ನೋಡಿ. ಯಾವುದರ ಮುಂದೆಯೂ ನಿಲ್ಲದೆ ಸಾಲಿನ ಕೊನೆಗೆ ಬಂದರೆ ಅಲ್ಲೇ ಒಳ್ಳೆಯ ತಿಂಡಿ ಕೊಡಿ. ನಿಂತರೆ, ಆ ಪೆಟ್ಟಿಗೆಗೆ ಲವಂಗ ಎಲ್ಲಿಂದ ಹತ್ತಿತೆಂದು ಮೊದಲು ನಿಮ್ಮ ಕೈಗಳನ್ನೇ ಮೂಸಿ ನೋಡಿ.